ದಾರಿ ತೋರಿಸುವುದಕ್ಕೂ ತರಬೇತಿ ಬೇಕೇ?

2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಸ್ವಯಂಸೇವಕಿಯಾಗಿದ್ದೆ ಎಂದರೆ ಪುತ್ತೂರಿನಲ್ಲಿ ನನಗೆ ಮೂರು ಪ್ರಶ್ನೆಗಳು ಕಾದಿರುತ್ತವೆ. ಮೆಸ್ಸಿಯನ್ನು ಹತ್ತಿರದಿಂದ ನೋಡಿದೆಯಾ? ಎಷ್ಟು ಕೊಟ್ಟರು? ಜನರಿಗೆ ದಾರಿ ತೋರಿಸುವುದಕ್ಕೂ ತರಬೇತಿಯಾ? ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದಕ್ಕೆ, ಸಮವಸ್ತ್ರ, ಪಾಳಿಯ ಊಟ, ಓಡಾಟದ ವ್ಯವಸ್ಥೆ, ಅಷ್ಟೇ. ಮೂರನೆಯದನ್ನು ಕೇಳಿದಾಗ ಮಾತ್ರ ಸಿಟ್ಟು ಬರುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕತಾರಿನ ಆ ಕೂಟಕ್ಕೆ 4,20,000ಕ್ಕೂ ಹೆಚ್ಚು ಮಂದಿ ಸ್ವಯಂಸೇವಕರಾಗಲು ಅರ್ಜಿ ಹಾಕಿದ್ದರು, ಆಯ್ಕೆಯಾದವರು 20,000. ತರಬೇತಿಯ ಒಂದು ಭಾಗ ಆನ್‌ಲೈನ್ ಪಾಠ. ನಗುಮುಖ, ಸಮಯಪಾಲನೆ, ತಂಡದ ಮನೋಭಾವ ಇತ್ಯಾದಿ. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆಯೇ ಮಾತು ಶುರುಮಾಡುವ ಊರಿನವಳಿಗೆ ನಗುವುದನ್ನು ಪರದೆಯ ಮೇಲೆ ಕಲಿಸಿದರು ಎಂದು ಅಮ್ಮ ಈಗಲೂ ನಗುತ್ತಾಳೆ. ಆ ಭಾಗದ ಬಗ್ಗೆ ನನಗೂ ಹೇಳುವುದು ಹೆಚ್ಚಿಲ್ಲ.

ನಿಜವಾದ ಪಾಠ ಶುರುವಾದದ್ದು ಕಾಲಿನಿಂದ. ಲುಸೈಲ್ ಕ್ರೀಡಾಂಗಣದಲ್ಲಿ ಹಿಡಿಸುವ ಜನ ಹೆಚ್ಚುಕಡಿಮೆ 89,000. ಪಂದ್ಯಕ್ಕೆ ಬರುವಾಗ ಇವರೆಲ್ಲ ಗಂಟೆಗಟ್ಟಲೆ ಅವಧಿಯಲ್ಲಿ ಚದುರಿಕೊಂಡು ಬರುತ್ತಾರೆ. ಹೋಗುವಾಗ ಹಾಗಲ್ಲ, ಕೊನೆಯ ಸೀಟಿ ಊದಿದ ಕೂಡಲೇ ಎಲ್ಲರಿಗೂ ಮೊದಲ ಮೆಟ್ರೊ ರೈಲೇ ಬೇಕು. ಅವರನ್ನು ನೇರವಾಗಿ ನಿಲ್ದಾಣಕ್ಕೆ ಬಿಟ್ಟರೆ ಪ್ಲಾಟ್‌ಫಾರ್ಮಿನ ಗತಿ ಏನು? ಆದ್ದರಿಂದ ಬ್ಯಾರಿಕೇಡ್‌ಗಳ ನಡುವೆ ಬೇಕೆಂದೇ ಸುತ್ತು ದಾರಿ. ಜನ ನಿಂತರೆ ಹಿಂದಿನಿಂದ ತಳ್ಳಾಟ ಶುರುವಾಗುತ್ತದೆ, ನಡೆಯುತ್ತಿದ್ದರೆ ಇಲ್ಲ. ನಮ್ಮನ್ನೂ ಆ ದಾರಿಯಲ್ಲಿ ನಡೆಸಿದರು. ಎಲ್ಲಿ ತಿರುವು, ಶೌಚಾಲಯ ಎಷ್ಟು ದೂರ, ಗಾಲಿಕುರ್ಚಿಯವರಿಗೆ ಯಾವ ಕಡೆ ಇಳಿಜಾರು, ಎಲ್ಲವೂ ಕಾಲಿಗೆ ಗೊತ್ತಾಗಬೇಕು ಎಂದರು ತರಬೇತಿ ಕೊಟ್ಟವರು.

ಬೆರಳು ಚಾಚಿ "ಅಲ್ಲಿ" ಎನ್ನಬಾರದು. ಮೈಯನ್ನೇ ಆ ದಿಕ್ಕಿಗೆ ತಿರುಗಿಸಿ, ಅಂಗೈ ಬಿಡಿಸಿ, ತೋಳು ಪೂರ್ತಿ ಚಾಚಿ ತೋರಿಸಬೇಕು. ಭಾಷೆ ಬಾರದವರಿಗೂ, ನಾಲ್ಕು ಸಾಲು ಹಿಂದೆ ನಿಂತವರಿಗೂ ಅದು ಕಾಣಬೇಕು. ಗೊತ್ತಿಲ್ಲದ್ದಕ್ಕೆ ಅಂದಾಜಿನ ಉತ್ತರ ಕೊಡಲೇಬಾರದು, ನಿಲ್ಲಿ ಕೇಳಿ ಹೇಳುತ್ತೇನೆ ಎನ್ನಬೇಕು. (ನಮ್ಮ ಊರಿನಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಎಂದವರನ್ನು ನಾನಂತೂ ಕಂಡಿಲ್ಲ.) ಗಾಲಿಕುರ್ಚಿಯ ಹಿಡಿಕೆಗೆ ಕೇಳದೆ ಕೈ ಹಾಕಬಾರದು. ಮಾತು ಕುರ್ಚಿಯಲ್ಲಿ ಕುಳಿತವರೊಂದಿಗೆ ಆಡಬೇಕು, ತಳ್ಳುತ್ತಿರುವವರೊಂದಿಗಲ್ಲ.

ಪಂದ್ಯ ಮುಗಿದ ರಾತ್ರಿಗಳಲ್ಲಿ ಇದರ ಬೆಲೆ ತಿಳಿಯಿತು. "ಸ್ಟೇಷನ್ ಕಣ್ಣೆದುರೇ ಇದೆ, ಇಷ್ಟು ಸುತ್ತಿಸುತ್ತೀರಲ್ಲ?" ಎಂಬುದು ಎಲ್ಲ ದೇಶದವರ ಪ್ರಶ್ನೆ. ನೀಲಿ ಬಿಳಿ ಪಟ್ಟೆಯ ಅಂಗಿ ತೊಟ್ಟ ಅರ್ಜೆಂಟೀನಾ ಅಭಿಮಾನಿಗಳ ಒಂದು ಗುಂಪಿನ ಹತ್ತಿರ ಹೋದರೆ ಬೈಗುಳವೆಲ್ಲ ಅಚ್ಚ ಮಲಯಾಳದಲ್ಲಿ! ಕಾಸರಗೋಡಿನ ಅಜ್ಜಿಯಿಂದ ಕಲಿತ ಭಾಷೆ ಅಂದು ಉಪಯೋಗಕ್ಕೆ ಬಂತು. ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳಿದರೆ ಮುಕ್ಕಾಲು ಪಾಲು ಜನ ಗೊಣಗುತ್ತಲೇ ನಡೆಯುತ್ತಾರೆ. ಹೇಳದಿದ್ದರೆ ಬ್ಯಾರಿಕೇಡ್ ಹಾರಲು ನೋಡುತ್ತಾರೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ವಿಶ್ವಕಪ್‌ನಲ್ಲಿ ದಾರಿ ತೋರಿಸಿ ಜಗತ್ತಿಗೆಲ್ಲ ಪರಿಚಿತನಾದವನು ನಮ್ಮಂಥ ಸ್ವಯಂಸೇವಕನಲ್ಲ, ಕೂಲಿಗೆ ದುಡಿಯುತ್ತಿದ್ದ ಕೀನ್ಯಾದ ಯುವಕ ಅಬೂಬಕರ್ ಅಬ್ಬಾಸ್. ದೋಹಾದ ಸೂಕ್ ವಾಖಿಫ್ ಮೆಟ್ರೊ ನಿಲ್ದಾಣದ ಬಳಿ ಎತ್ತರದ ಕುರ್ಚಿಯಲ್ಲಿ ಕುಳಿತು "ಮೆಟ್ರೊ? ದಿಸ್ ವೇ" ಎಂದು ರಾಗವಾಗಿ ಕೂಗಿದ, ಜನ ಅದನ್ನೇ ಹಾಡಿಕೊಂಡು ಹೋದರು. ಇಂಗ್ಲೆಂಡ್–ಅಮೆರಿಕ ಪಂದ್ಯದ ದಿನ ಅಲ್ ಬೈತ್ ಕ್ರೀಡಾಂಗಣಕ್ಕೇ ಕರೆಸಿ ಅವನಿಗೆ ಮೈಕ್ ಕೊಟ್ಟರು. ರಜೆ ಹಾಕಿ ಸೇವೆ ಮಾಡುವ ಅನುಕೂಲ ನನಗಿತ್ತು. ಅವನಂಥ ಎಷ್ಟೋ ಮಂದಿಗೆ ಅದು ಹೊಟ್ಟೆಪಾಡು. ಪ್ರಮಾಣಪತ್ರ ಹಿಡಿದು ಫೋಟೊ ಹಾಕುವ ನಾವು ಇದನ್ನು ಮರೆಯುತ್ತೇವೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಕಾಲ್ತುಳಿತಕ್ಕೆ ಬಲಿಯಾದ ಸುದ್ದಿಯನ್ನು ನಾನು ದೋಹಾದಲ್ಲಿ ಕುಳಿತು ನೋಡಿದೆ. ಸುಮಾರು 35,000 ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ. ಪಾಸ್ ಬೇಕೇ ಬೇಡವೇ, ಯಾವ ಗೇಟ್ ತೆರೆದಿದೆ, ಎಂಬ ಗೊಂದಲ. ನಾಲ್ಕು ಮಂದಿ ಸ್ವಯಂಸೇವಕರಿದ್ದಿದ್ದರೆ ಅದು ತಪ್ಪುತ್ತಿತ್ತು ಎನ್ನುವಷ್ಟು ಮೂರ್ಖಳಲ್ಲ ನಾನು. ಯೋಜನೆಯೇ ಇಲ್ಲದ ಕಡೆ ಸ್ವಯಂಸೇವಕರೂ ಗುಂಪಿನೊಳಗೆ ಸಿಕ್ಕಿಕೊಳ್ಳುತ್ತಾರೆ. ಆದರೆ ದಾರಿ ತೋರಿಸುವುದಕ್ಕೆ ತರಬೇತಿಯಾ ಎಂದು ನಗುವವರು ಆ ಸಂಜೆಯ ದೃಶ್ಯಗಳನ್ನು ಮತ್ತೊಮ್ಮೆ ನೋಡಲಿ.

ನಮ್ಮವರಿಗೆ ಇದು ಬಾರದ ವಿದ್ಯೆಯೇನಲ್ಲ. ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಸಾವಿರಾರು ಜನರ ಊಟದ ಪಂಕ್ತಿಯನ್ನು ಗಲಾಟೆಯಿಲ್ಲದೆ ಏಳಿಸಿ ಕೂರಿಸುವ ಹುಡುಗರು ನಮ್ಮಲ್ಲಿದ್ದಾರೆ. ಅವರಿಗೆ ಆ ಚಪ್ಪರದ ಮೂಲೆ ಮೂಲೆಯೂ ಗೊತ್ತು. ಅದೇ ಹುಡುಗರ ಎದೆಗೆ ಬ್ಯಾಡ್ಜ್ ಚುಚ್ಚಿ ಗುರುತಿಲ್ಲದ ಊರಿನ ಕ್ರೀಡಾಂಗಣದ ಬಾಗಿಲಲ್ಲಿ ನಿಲ್ಲಿಸಿದರೆ ಗುಲಾಬಿ ಹೂ ಕೊಡುವುದಷ್ಟೇ ಸಾಧ್ಯ.

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿನಲ್ಲಿ. ಸ್ವಯಂಸೇವಕರಿಗೆ ಕರೆ ಬಂದೇ ಬರುತ್ತದೆ, ನಮ್ಮ ಕಾಲೇಜುಗಳಿಂದಲೂ ಮಕ್ಕಳು ಹೊರಡುತ್ತಾರೆ. ಸಂದರ್ಶನದಲ್ಲಿ ನಿಮ್ಮಲ್ಲಿ ಪ್ರಶ್ನೆಯಿದೆಯೇ ಎಂದರೆ ಟಿ-ಶರ್ಟ್ ಅಳತೆ ವಿಚಾರಿಸಬೇಡಿ. ಕ್ರೀಡಾಂಗಣದ ಸುತ್ತ ನಮ್ಮನ್ನು ಯಾವಾಗ ನಡೆಸುತ್ತೀರಿ, ಜನ ಹೊರಡುವ ಹೊತ್ತಿನ ಯೋಜನೆಯನ್ನು ನಮಗೂ ಹೇಳುತ್ತೀರಾ ಎಂದು ಕೇಳಿ. ಮತ್ತೆ, ಶೂ ಹೊಸದಾಗಿದ್ದರೆ ಒಂದು ತಿಂಗಳು ಮೊದಲೇ ಹಾಕಿ ಓಡಾಡಿ.