ವಿಶ್ವ ಅಂದರೆ ನಾಲ್ಕು ಮನೆ

ಚಕ್ರದ ಬೂಟು ಹಾಕಿಕೊಂಡು ಆಡುವ ರೋಲರ್ ಹಾಕಿಯಲ್ಲಿ ಇಪ್ಪತ್ತರೊಳಗಿನ ಹುಡುಗರಿಗೂ ಒಂದು ವಿಶ್ವ ಚಾಂಪಿಯನ್‌ಶಿಪ್ ಇದೆ. 2003ರಿಂದ ನಡೆಯುತ್ತಿದೆ. ಈ ಸಲ ಯಾರು ಗೆದ್ದರು ಅಂತ ಯಾರಾದರೂ ಕೇಳಿದರೆ ಮೊಬೈಲ್ ತೆಗೆದು ಹುಡುಕುವ ಕಷ್ಟ ಬೇಡ. ಸ್ಪೇನ್ ಅನ್ನಿ. ಅಲ್ಲ ಅಂದರೆ ಪೋರ್ಚುಗಲ್ ಅನ್ನಿ. ಅದೂ ಅಲ್ಲದಿದ್ದರೆ ಅರ್ಜೆಂಟೀನಾ, ಇಟಲಿ. ಐದನೇ ಹೆಸರಿನ ಅಗತ್ಯ ಬೀಳುವುದಿಲ್ಲ.

ಹುಡುಗರನ್ನು ದೂರುವ ಹಾಗೂ ಇಲ್ಲ. ದೊಡ್ಡವರದ್ದೂ ಅದೇ ಕಥೆ. ಗಂಡಸರ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1936ರಲ್ಲಿ, ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಆಗ ಗೆದ್ದದ್ದು ಇಂಗ್ಲೆಂಡ್. ಯುದ್ಧ ಮುಗಿದು 1947ರಲ್ಲಿ ಮತ್ತೆ ಆಟ ಶುರುವಾದಾಗ ಕಪ್ ಪೋರ್ಚುಗಲ್ ಪಾಲಾಯಿತು. ಅಂದಿನಿಂದ ಇಂದಿನವರೆಗೆ ಅದು ಆ ನಾಲ್ಕು ಮನೆಗಳ ಹೊಸ್ತಿಲು ದಾಟಿ ಹೊರಗೆ ಬಂದಿಲ್ಲ. ಇಂಗ್ಲೆಂಡಿಗೆ 1947ರಲ್ಲಿ ನಾವೂ ಕೈತಪ್ಪಿದೆವು, ಕಪ್ಪೂ ಕೈತಪ್ಪಿತು. ಎರಡೂ ಇವತ್ತಿನವರೆಗೆ ವಾಪಸ್ ಸಿಕ್ಕಿಲ್ಲ.

ಆಟ ಚೆನ್ನಾಗಿಯೇ ಇದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಅಂಗಳ. ಸುತ್ತ ಒಂದು ಮೀಟರ್ ಎತ್ತರದ ಕಟಕಟೆ. ಮುಂದೆ ಎರಡು, ಹಿಂದೆ ಎರಡು ಚಕ್ರವಿರುವ ಬೂಟು. ಒಂದು ಕಡೆಗೆ ಗೋಲ್‌ಕೀಪರೂ ಸೇರಿ ಐದು ಜನ. ಬಾಗಿದ ಕೋಲು, ಗಟ್ಟಿ ರಬ್ಬರಿನ ಪುಟ್ಟ ಚೆಂಡು. ಆ ಚೆಂಡು ಎಷ್ಟು ಜೋರಾಗಿ ಹೋಗುತ್ತದೆ ಅಂದರೆ, ಟೀವಿಯಲ್ಲಿ ನೋಡುವವನಿಗೆ ಗೋಲಾಯಿತು ಅಂತ ಗೊತ್ತಾಗುವುದು ಆಟಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡಾಗಲೇ.

ನಾಲ್ಕು ಮನೆ ಬಿಟ್ಟರೆ ಉಳಿದವರಲ್ಲಿ ಹಲವರು ಪೋರ್ಚುಗೀಸರ ಹಡಗು ನಿಂತ ಊರಿನವರು. ಅಂಗೋಲಾ 2013ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಸಿಕೊಟ್ಟಿತು. ಮೊಜಾಂಬಿಕ್ 2011ರಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದು, ಮನೆಯವರನ್ನು ಸ್ವಲ್ಪ ಗಾಬರಿ ಮಾಡಿತು. ಮಕಾವ್ ಕೂಡ ಆಡುತ್ತದೆ. ಅದೇ ಪೋರ್ಚುಗೀಸರು ನಮ್ಮ ಪಕ್ಕದ ಗೋವಾದಲ್ಲಿ 1510ರಿಂದ 1961ರವರೆಗೆ ಕೂತಿದ್ದರು. ಮೆಣಸಿನಕಾಯಿ ಇಳಿಸಿದರು, ಗೋಡಂಬಿ ಇಳಿಸಿದರು. ಚಕ್ರದ ಬೂಟಿನ ಗಂಟು ಮಾತ್ರ ಹಡಗಿನಲ್ಲೇ ಮರೆತರು ಅಂತ ಕಾಣುತ್ತದೆ. ಮೆಣಸಿನಕಾಯಿ ಕೊಟ್ಟದ್ದಕ್ಕೆ ಅದನ್ನು ಕ್ಷಮಿಸಬಹುದು.

ಈಗ ಕೊಡಗಿನ ಕಡೆ ಒಮ್ಮೆ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಶುರು ಮಾಡಿದಾಗ ಬಂದದ್ದು 60 ಒಕ್ಕಗಳು, ಅಂದರೆ 60 ಮನೆತನಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಮನೆಯವರು ನಡೆಸಿದಾಗ 360 ಒಕ್ಕಗಳು ಬಂದವು, ಗಿನ್ನೆಸ್ ದಾಖಲೆಯಾಯಿತು. ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲ ಒಂದೇ ಟೀಮು. ಒಂದು ಜಿಲ್ಲೆಯಲ್ಲಿ 360 ಟೀಮು ಕಟ್ಟಿದವರು ಅದಕ್ಕೆ ಕುಟುಂಬದ ಆಟ ಅಂತ ಹೆಸರಿಟ್ಟರು. ನಾಲ್ಕು ಮನೆಯವರು ತಮ್ಮ ಆಟಕ್ಕೆ ವಿಶ್ವ ಅಂತ ಹೆಸರಿಟ್ಟರು. ಕೊಡಗಿನವರಿಗೆ ಪ್ರಚಾರ ಗೊತ್ತಿಲ್ಲ ಬಿಡಿ.

ರೋಲರ್ ಹಾಕಿಗೆ ಬೇರೆ ಟೀಮುಗಳು ಬಂದರೂ ತೊಂದರೆಯೇ. ಚಿಕ್ಕ ಟೀಮು ದೊಡ್ಡ ಟೀಮಿನ ಎದುರು ಸಿಕ್ಕರೆ ಗೋಲು ಎರಡಂಕಿಗೆ ಹೋಗುತ್ತದೆ. ಅದಕ್ಕೆ ದೊಡ್ಡವರು ಕಂಡುಕೊಂಡ ಮದ್ದು ಬಹಳ ಘನವಾದದ್ದು. 2019ರಲ್ಲಿ ಬಾರ್ಸಿಲೋನಾದಲ್ಲಿ ವಿಶ್ವ ರೋಲರ್ ಗೇಮ್ಸ್ ನಡೆದಾಗ ಆಟವನ್ನು ಮೂರು ಮಹಡಿ ಮಾಡಿದರು. ಮೇಲಿನ ಮಹಡಿ ವಿಶ್ವ ಚಾಂಪಿಯನ್‌ಶಿಪ್, ಅಲ್ಲಿ ಎಂಟೇ ಟೀಮು. ನಡುವಿನದು ಇಂಟರ್‌ಕಾಂಟಿನೆಂಟಲ್ ಚಾಂಪಿಯನ್‌ಶಿಪ್. ನೆಲಮಹಡಿ ಚಾಲೆಂಜರ್ಸ್ ಚಾಂಪಿಯನ್‌ಶಿಪ್. ಗಮನಿಸಿ, ಖಂಡಗಳನ್ನೆಲ್ಲ ಗೆದ್ದವನು ಇಲ್ಲಿ ಎರಡನೇ ದರ್ಜೆಯವನು. ಆದರೆ ಊರಿಗೆ ಮರಳಿ ಫ್ಲೆಕ್ಸ್ ಹಾಕಿಸಿದಾಗ ಯಾರು ಕೇಳುತ್ತಾರೆ? ಮೂರು ಮಹಡಿಯಲ್ಲೂ ಚಾಂಪಿಯನ್ ಅಂತಲೇ ಬರೆದಿರುತ್ತದೆ.

ಇಷ್ಟು ಚಿಕ್ಕ ಪ್ರಪಂಚದಲ್ಲಿ ಜಗಳವಾದರೂ ಕಮ್ಮಿ ಇರಬೇಕಲ್ವಾ? 2004ನೇ ಇಸವಿಗೆ ಹೋಗೋಣ.

ಕ್ಯಾಟಲೋನಿಯಾ ಸ್ಪೇನಿನ ಒಂದು ಭಾಗ. ಬಾರ್ಸಿಲೋನಾ ಇರುವುದು ಅಲ್ಲೇ, ಸ್ಪೇನ್ ತಂಡಕ್ಕೆ ಅತಿ ಹೆಚ್ಚು ಹುಡುಗರನ್ನು ಕೊಡುವುದೂ ಅದೇ. ನಮ್ಮ ಹುಡುಗರೇ ಆಡುವುದಾದರೆ ನಮ್ಮ ಹೆಸರಲ್ಲೇ ಆಡಲಿ ಅಂತ ಅವರಿಗೆ ಅನ್ನಿಸಿತು. ಆ ವರ್ಷ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ರೋಲರ್ ಕ್ರೀಡಾ ಒಕ್ಕೂಟ ತಾತ್ಕಾಲಿಕವಾಗಿ ಹೂಂ ಅಂದಿತು. ತಾತ್ಕಾಲಿಕ ಅನ್ನುವ ಕಾಗದ ಹಿಡಿದು ಕಚೇರಿ ಸುತ್ತಿದವರಿಗೆ ಮುಂದಿನ ಕಥೆ ಆಗಲೇ ಗೊತ್ತಾಗಿರಬೇಕು.

ಅಕ್ಟೋಬರ್‌ನಲ್ಲಿ ಬಿ ಗುಂಪಿನ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ನಡೆಸಿಕೊಟ್ಟದ್ದು ಮಕಾವ್. ಅದು ಚೀನಾದ ಒಂದು ವಿಶೇಷ ಆಡಳಿತ ಪ್ರದೇಶ. ಫೈನಲ್‌ನಲ್ಲಿ ಸೋತದ್ದು ಇಂಗ್ಲೆಂಡ್. ಅದು ಬ್ರಿಟನ್ನಿನ ಒಂದು ಭಾಗ. ಗೆದ್ದದ್ದು ಕ್ಯಾಟಲೋನಿಯಾ. ಅಂದರೆ ಊಟ ಹಾಕಿದವರು, ಸೋತವರು, ಗೆದ್ದವರು, ಮೂವರಿಗೂ ವಿಶ್ವಸಂಸ್ಥೆಯಲ್ಲಿ ಸ್ವಂತ ಕುರ್ಚಿ ಇಲ್ಲ. ಮೂವರಲ್ಲಿ ಒಬ್ಬರಿಗೆ ಮಾತ್ರ ದೇಶ ಅಲ್ಲ ಅನ್ನುವ ಆಕ್ಷೇಪ ಬಂತು. ಅದೂ ಗೆದ್ದವರಿಗೆ. ಸೋತಿದ್ದರೆ ಇವತ್ತಿಗೂ ಸುಮ್ನೆ ಆಡಿಕೊಂಡಿರುತ್ತಿದ್ದರೋ ಏನೋ.

ಗೆದ್ದವರು ಮುಂದಿನ ವರ್ಷ ಎ ಗುಂಪಿಗೆ ಏರಬೇಕು. ಅಲ್ಲಿ ಸ್ಪೇನ್ ಇದೆ. ಸ್ಪೇನಿನ ಎದುರು ಕ್ಯಾಟಲೋನಿಯಾ ನಿಂತು ರಾಷ್ಟ್ರಗೀತೆ ಹಾಡುವುದನ್ನು ಮ್ಯಾಡ್ರಿಡ್‌ನಲ್ಲಿ ಊಹಿಸಿಕೊಳ್ಳಲಾಗಲಿಲ್ಲ. ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ ಒಕ್ಕೂಟದ ಮಹಾಸಭೆ ಸೇರಿತು. ಮಾರ್ಚ್‌ನ ಹೂಂ ಅಲ್ಲಿ ಉಹುಂ ಆಯಿತು. ಎಂಟು ತಿಂಗಳ ಹಿಂದೆ ತಮ್ಮದೇ ಸಮಿತಿ ಕೊಟ್ಟ ಮಾತು ತಾನೇ? ತಾನೇ. ಆದರೆ ಆಗ ಅವರು ಕಪ್ ಗೆದ್ದಿರಲಿಲ್ಲ. ವಿಷಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು, 2005ರಲ್ಲಿ ರೋಮ್‌ನಲ್ಲಿ ಇನ್ನೊಮ್ಮೆ ಮತ ಹಾಕಿಸಿದರು, ಇನ್ನೊಮ್ಮೆ ಉಹುಂ ಬಂತು. ಇದರ ಮಧ್ಯೆ ಇಂಗ್ಲೆಂಡ್ ಇಂಗ್ಲೆಂಡಾಗಿಯೇ ಉಳಿಯಿತು, ಮಕಾವ್ ಮಕಾವ್ ಆಗಿಯೇ.

ನನಗೆ ಜಾಸ್ತಿ ಇಷ್ಟವಾದದ್ದು ಇದಾದ ಮೇಲಿನ ಭಾಗ. ಅಂತಾರಾಷ್ಟ್ರೀಯ ಒಕ್ಕೂಟ ಬಾಗಿಲು ಹಾಕಿತು ಅಂತ ಕ್ಯಾಟಲೋನಿಯಾ ಮೂಲೆಯಲ್ಲಿ ಕೂತು ಅಳಲಿಲ್ಲ. ದಕ್ಷಿಣ ಅಮೆರಿಕದ ಸ್ಕೇಟಿಂಗ್ ಒಕ್ಕೂಟಕ್ಕೆ ಸೇರಿಕೊಂಡಿತು. ಅಟ್ಲಾಂಟಿಕ್ ದಾಟಿ ಹೋಗಿ ಕೋಪಾ ಅಮೆರಿಕ ಆಡಿತು. ಹೌದು, ಮೆಡಿಟರೇನಿಯನ್ ದಡದ ಊರು ದಕ್ಷಿಣ ಅಮೆರಿಕ ಖಂಡದ ಕಪ್ಪಿಗೆ ಆಡಿತು. ಭೂಗೋಳದ ಮೇಷ್ಟ್ರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಆ ಮೇಲೆ 2015ರಲ್ಲಿ ಹುಡುಗರ ವಿಶ್ವ ಚಾಂಪಿಯನ್‌ಶಿಪ್ ಎಲ್ಲಿ ನಡೆಯಿತು ಗೊತ್ತಾ? ವಿಲಾನೋವಾ ಇ ಲಾ ಜೆಲ್ಟ್ರೂ ಅನ್ನುವ ಊರಿನಲ್ಲಿ. ಅದು ಕ್ಯಾಟಲೋನಿಯಾದಲ್ಲಿದೆ. ಅಂಗಳ ಅವರದು, ಗ್ಯಾಲರಿ ಅವರದು, ಚಪ್ಪಾಳೆ ಅವರದು. ಟೀಮು ಮಾತ್ರ ಅವರದಲ್ಲ. ಹತ್ತೊಂಬತ್ತರ ಹುಡುಗ ತನ್ನ ಊರಿನಲ್ಲೇ ಆಡಬಹುದು, ಅಂಗಿ ಮಾತ್ರ ಸ್ಪೇನಿನದು. ಕಪ್ ಯಾರಿಗೆ ಹೋಯಿತು ಅಂತ ಕೇಳುತ್ತಿಲ್ಲ ತಾನೇ?

ಈ ಆಟಕ್ಕೆ ಒಮ್ಮೆ ಒಲಿಂಪಿಕ್ಸ್ ಯೋಗವೂ ಬಂದಿತ್ತು. 1992ರ ಬಾರ್ಸಿಲೋನಾ ಕೂಟದಲ್ಲಿ, ಪ್ರದರ್ಶನದ ಆಟವಾಗಿ. ಆಗ ಒಲಿಂಪಿಕ್ ಸಮಿತಿಯ ಅಧ್ಯಕ್ಷರು ಯಾರು ಅಂತೀರಿ? ಹುವಾನ್ ಆಂಟೋನಿಯೋ ಸಮರಾಂಚ್. ಬಾರ್ಸಿಲೋನಾದವರೇ, ರೋಲರ್ ಹಾಕಿಯ ಹಳೆಯ ಪ್ರೇಮಿ. ಊರು ಅವರದು, ಆಟ ಅವರದು, ಕುರ್ಚಿಯೂ ಅವರದು. ಎಲ್ಲ ಕೂಡಿ ಬಂದರೂ ಫೈನಲ್‌ನಲ್ಲಿ ಅರ್ಜೆಂಟೀನಾ ಸ್ಪೇನನ್ನು ಸೋಲಿಸಿಬಿಟ್ಟಿತು. ಪ್ರದರ್ಶನದ ಪದಕ ಪಟ್ಟಿಯಲ್ಲಿ ಲೆಕ್ಕಕ್ಕಿಲ್ಲ, ಹಾಗಾಗಿ ಸ್ಪೇನಿಗೆ ನಷ್ಟವೇನೂ ಆಗಲಿಲ್ಲ. ಆಟಕ್ಕೆ ಮಾತ್ರ ಒಲಿಂಪಿಕ್ಸ್‌ನಿಂದ ಮತ್ತೆ ಕರೆ ಬರಲಿಲ್ಲ. 2017ರಲ್ಲಿ ರೋಲರ್ ಒಕ್ಕೂಟ ಸ್ಕೇಟ್‌ಬೋರ್ಡ್‌ನವರ ಜೊತೆ ಸೇರಿ ವರ್ಲ್ಡ್ ಸ್ಕೇಟ್ ಅಂತ ಒಂದಾಯಿತು. ನಿನ್ನೆ ಮೊನ್ನೆ ಮನೆ ಸೇರಿದ ಸ್ಕೇಟ್‌ಬೋರ್ಡ್ ಟೋಕಿಯೋ ಒಲಿಂಪಿಕ್ಸ್‌ಗೆ ಹೋಗಿ ಬಂತು. ಜಪಾನಿನ ಹದಿಮೂರು ವರ್ಷದ ಮೊಮಿಜಿ ನಿಶಿಯಾ ಚಿನ್ನ ಗೆದ್ದಳು. ಹಿರಿಯರು ಇನ್ನೂ ಕರೆಯೋಲೆಗೆ ಕಾಯುತ್ತಿದ್ದಾರೆ.

ಇದನ್ನೆಲ್ಲ ನೋಡಿದ ಮೇಲೆ ಕೊಡಗಿನ ಒಕ್ಕಗಳಿಗೆ ನನ್ನದೊಂದು ಸಲಹೆ. ಚಕ್ರದ ಬೂಟು ಕಲಿತು ದಕ್ಷಿಣ ಅಮೆರಿಕದ ಒಕ್ಕೂಟಕ್ಕೆ ಒಂದು ಅರ್ಜಿ ಹಾಕಿ. ದೂರ ಅನ್ನುವುದು ಕಾರಣವೇ ಅಲ್ಲ, ಕ್ಯಾಟಲೋನಿಯಾದ ಉದಾಹರಣೆ ಇದೆ. ಕೋಲು ಹಿಡಿಯುವುದಂತೂ ನಿಮಗೆ ಹೇಳಿಕೊಡಬೇಕಿಲ್ಲ. ಗೆದ್ದರೆ ಮಾತ್ರ ಕಷ್ಟ, ಮಹಾಸಭೆ ಕರೆಯುತ್ತಾರೆ. ಅದಕ್ಕೇ ಫೈನಲ್‌ನಲ್ಲಿ ಸ್ವಲ್ಪ ನೋಡಿಕೊಂಡು ಸೋಲಿ. ಇನ್ನು ಜಾಗದ ಪ್ರಶ್ನೆ. ಮೇಲಿನ ಮಹಡಿಯಲ್ಲಿ ಎಂಟು ಟೀಮಿಗಷ್ಟೇ ಜಾಗ, ನೀವು 360 ಮನೆಯವರು. ಉಳಿದ 352 ಮನೆಗಳಿಗೆ ಇನ್ನೂ ಕೆಲವು ಮಹಡಿ ಕಟ್ಟಬೇಕಾಗುತ್ತದೆ. ವಿಶ್ವ, ಖಂಡ ಎಲ್ಲ ಖರ್ಚಾಗಿವೆ. ಅಂತರಗ್ರಹ ಚಾಂಪಿಯನ್‌ಶಿಪ್ ಅನ್ನುವ ಹೆಸರು ಸದ್ಯಕ್ಕೆ ಖಾಲಿ ಇದ್ದ ಹಾಗಿದೆ.