ಬೇಹುಗಾರರ ಸಾಹಿತ್ಯಸೇವೆ

1938ರ ಡಿಸೆಂಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಒಂದು ವಿಚಾರಣೆಗೆ ಅಮೆರಿಕದ ಸಾಹಿತ್ಯ ಚರಿತ್ರೆಯಲ್ಲಿ ಸಲ್ಲಬೇಕಾದ ಗೌರವ ಇನ್ನೂ ಸಂದಿಲ್ಲ. ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸವಿಲ್ಲದೆ ಕುಳಿತ ಕಲಾವಿದರಿಗೆ ಸರ್ಕಾರಿ ಸಂಬಳ ಕೊಟ್ಟು ನಾಟಕ ಆಡಿಸುತ್ತಿದ್ದ ಫೆಡರಲ್ ಥಿಯೇಟರ್ ಯೋಜನೆಯ ಮುಖ್ಯಸ್ಥೆ ಹ್ಯಾಲಿ ಫ್ಲಾನಗನ್ ಅವರನ್ನು, ದೇಶವಿರೋಧಿ ಚಟುವಟಿಕೆಗಳ ಪತ್ತೆಗೆಂದು ರಚನೆಯಾಗಿದ್ದ ಸಂಸದರ ಸಮಿತಿ ಕರೆಸಿಕೊಂಡಿತ್ತು. ಅವರ ಲೇಖನವೊಂದರಲ್ಲಿ ಮಾರ್ಲೋ ಎಂಬ ಹೆಸರು ಕಂಡದ್ದೇ ತಡ, ಅಲಬಾಮಾದ ಸಂಸದ ಜೋ ಸ್ಟಾರ್ನ್ಸ್ ಕಿವಿ ನಿಮಿರಿಸಿ, ಈ ಮಾರ್ಲೋ ಕಮ್ಯುನಿಸ್ಟನೇ ಎಂದು ಕೇಳಿದರು. ಕ್ರಿಸ್ಟೋಫರ್ ಮಾರ್ಲೋ ಸತ್ತದ್ದು 1593ರಲ್ಲಿ, ಕಾರ್ಲ್ ಮಾರ್ಕ್ಸ್ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮುಂಚೆ. ಆತ ಶೇಕ್ಸ್‌ಪಿಯರನಿಗೆ ತುಸು ಹಿಂದಿನ ನಾಟಕಕಾರರಲ್ಲಿ ಅಗ್ರಗಣ್ಯನೆಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ ಎಂದು ಫ್ಲಾನಗನ್ ಕೋರಬೇಕಾಯಿತು. ಸಂಸದರು ಅಷ್ಟಕ್ಕೇ ಬಿಡದೆ, ಶ್ರೀಮಾನ್ ಯೂರಿಪಿಡೀಸ್ ಕೂಡ ವರ್ಗಪ್ರಜ್ಞೆ ಬೋಧಿಸಿದ ಅಪರಾಧಿಯೇ ಅಲ್ಲವೇ ಎಂದು ಇನ್ನೂ ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ನಾಟಕಕಾರನವರೆಗೂ ತನಿಖೆಯನ್ನು ವಿಸ್ತರಿಸಿದರು. ಮರುವರ್ಷದ ಜೂನ್ ತಿಂಗಳಲ್ಲಿ ಯೋಜನೆಗೆ ಹಣ ನಿಂತು ನಾಟಕಗಳ ಪರದೆ ಬಿತ್ತು. ಯೂರಿಪಿಡೀಸ್ ಮಾತ್ರ ಸಮನ್ಸ್ ಮುಟ್ಟದೆ ಪಾರಾದ.

ಚಿತ್ರಕಾರರ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅಮೆರಿಕನ್ನರಿಗೂ ಸಂಸ್ಕೃತಿಯಿದೆ ಎಂದು ಜಗತ್ತಿಗೆ ತೋರಿಸುವ ಉಮೇದಿನಲ್ಲಿ ವಿದೇಶಾಂಗ ಇಲಾಖೆಯು 1946ರಲ್ಲಿ ಸುಮಾರು 49,000 ಡಾಲರ್ ಕೊಟ್ಟು 79 ಆಧುನಿಕ ತೈಲಚಿತ್ರಗಳನ್ನು ಖರೀದಿಸಿ ಹೊರದೇಶಗಳಿಗೆ ಕಳುಹಿಸಿತು. ತೆರಿಗೆದಾರರ ದುಡ್ಡು ಹೀಗೆ ಹಾಳಾಗುವುದೇ ಎಂದು ಪತ್ರಿಕೆಗಳೂ ಸಂಸದರೂ ಹುಯಿಲೆಬ್ಬಿಸಿದರು. ಅಧ್ಯಕ್ಷ ಟ್ರೂಮನ್ನರು ಅವುಗಳಲ್ಲೊಂದನ್ನು ನೋಡಿ, ಇದು ಕಲೆಯಾದರೆ ನಾನು ಹಾಟೆಂಟಾಟ್ ಎಂದು, ಯಾವ ಪಾಪವನ್ನೂ ಮಾಡದ ಆಫ್ರಿಕದ ಒಂದು ಜನಾಂಗವನ್ನು ಎಳೆತಂದು ತಮ್ಮ ರಸಪ್ರಜ್ಞೆಯನ್ನು ಮೆರೆದರು. ಚಿತ್ರಗಳನ್ನು ಅರ್ಧದಾರಿಯಿಂದಲೇ ವಾಪಸು ಕರೆಸಿ, 1948ರಲ್ಲಿ ಯುದ್ಧದಲ್ಲಿ ಮಿಕ್ಕ ಸರಕಿನ ಲೆಕ್ಕದಲ್ಲಿ ಹರಾಜು ಹಾಕಲಾಯಿತು. ಆಬರ್ನ್‌ನ ಕಾಲೇಜೊಂದು 36 ಕೃತಿಗಳನ್ನು 1,072 ಡಾಲರಿಗೆ ಎತ್ತಿಕೊಂಡಿತು, ಅಂದರೆ ಒಂದಕ್ಕೆ ಮೂವತ್ತು ಡಾಲರೂ ಬೀಳಲಿಲ್ಲ. ಆಬರ್ನ್ ಇರುವುದು ಸ್ಟಾರ್ನ್ಸ್ ಮಹಾಶಯರ ಅಲಬಾಮಾದಲ್ಲಿಯೇ. ವಿಧಿಗೆ ಇಷ್ಟಾದರೂ ಹಾಸ್ಯಪ್ರಜ್ಞೆ ಬೇಡವೇ?

ಇಂಥ ದೇಶದಲ್ಲಿ ಸಾಹಿತ್ಯಕ್ಕೆ ರಾಜಾಶ್ರಯ ಕೊಡುವ ಧೈರ್ಯ ಯಾರಿಗಿದ್ದೀತು? ಕೈಯಲ್ಲಿ ಬೇಕಾದಷ್ಟು ಹಣವಿದ್ದು, ಅದರ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಿಲ್ಲದ ಇಲಾಖೆಗೆ ಮಾತ್ರ. ಅಂಥ ಇಲಾಖೆ ಒಂದೇ ಇತ್ತು: ಬೇಹುಗಾರಿಕೆಯ ಸಿಐಎ.

1950ರ ಜೂನ್‌ನಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಲೇಖಕರು, ತತ್ತ್ವಜ್ಞಾನಿಗಳು, ವಿಜ್ಞಾನಿಗಳು ನೆರೆದು ಸೋವಿಯತ್ ದಬ್ಬಾಳಿಕೆಯ ವಿರುದ್ಧ ಚಿಂತನೆಯ ಸ್ವಾತಂತ್ರ್ಯವನ್ನು ಎತ್ತಿಹಿಡಿದರು. ಸ್ಟಾಲಿನ್ ಕಾಲದ ರಷ್ಯದಲ್ಲಿ ಕವಿಗಳು ಶಿಬಿರಗಳಲ್ಲಿ ಸಾಯುತ್ತಿದ್ದುದು ನಿಜವಾದ್ದರಿಂದ ಸಭೆಯ ಸಿಟ್ಟಿನಲ್ಲಿ ಕಪಟವೇನೂ ಇರಲಿಲ್ಲ. ಕಪಟವಿದ್ದದ್ದು ಖರ್ಚುವೆಚ್ಚದಲ್ಲಿ. ಅಲ್ಲಿಂದ ಹುಟ್ಟಿದ ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ಎಂಬ ಸಂಸ್ಥೆ ಉಚ್ಛ್ರಾಯದ ಕಾಲದಲ್ಲಿ 35 ದೇಶಗಳಲ್ಲಿ ಕಚೇರಿಗಳನ್ನೂ ಇಪ್ಪತ್ತಕ್ಕೂ ಹೆಚ್ಚು ಪತ್ರಿಕೆಗಳನ್ನೂ ಸಾಕುತ್ತಿತ್ತು. ಪ್ಯಾರಿಸಿನಲ್ಲಿ ಕುಳಿತು ಅದನ್ನು ನಡೆಸುತ್ತಿದ್ದ ಮೈಕೆಲ್ ಜೋಸೆಲ್ಸನ್ ಹಿಂದೊಮ್ಮೆ ಅಮೆರಿಕದ ದೊಡ್ಡ ಮಳಿಗೆಯೊಂದಕ್ಕೆ ಸಗಟು ಸರಕು ಖರೀದಿಸುತ್ತಿದ್ದವರು, ಈಗ ಸಿಐಎ ಸಿಬ್ಬಂದಿ. ವೃತ್ತಿ ಬದಲಾಯಿತೆಂದು ಹೇಳುವುದು ಕಷ್ಟ. ಹಣ ನೇರವಾಗಿ ಬಂದರೆ ಲೇಖಕರ ಮನಸ್ಸಿಗೆ ನೋವಾದೀತೆಂದು ಅದನ್ನು ಫಾರ್‌ಫೀಲ್ಡ್ ಪ್ರತಿಷ್ಠಾನದ ಮೂಲಕ ಹಾಯಿಸಲಾಗುತ್ತಿತ್ತು. ಅದರ ಅಧ್ಯಕ್ಷರು ಯೀಸ್ಟ್ ಮತ್ತು ಜಿನ್ ವ್ಯಾಪಾರದಲ್ಲಿ ಕೋಟ್ಯಧೀಶವಾದ ಮನೆತನದ ಜೂಲಿಯಸ್ ಫ್ಲೈಶ್‌ಮನ್. ರಾತ್ರಿ ನಾದಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿದಂತೆ ಪತ್ರಿಕೆಗಳ ಖಜಾನೆ ಉಬ್ಬುತ್ತಿದ್ದರೆ ಅಂಥವರ ಹೆಸರಿನ ಮೇಲೆ ಯಾರಿಗೆ ಅನುಮಾನ ಬಂದೀತು? ಲಂಡನ್ನಿನಲ್ಲಿ 1953ರಲ್ಲಿ ಕವಿ ಸ್ಟೀಫನ್ ಸ್ಪೆಂಡರ್ ಮತ್ತು ಅಮೆರಿಕದ ಅರ್ವಿಂಗ್ ಕ್ರಿಸ್ಟಲ್ ಸಂಪಾದಿಸಿದ ‘ಎನ್‌ಕೌಂಟರ್’ ಈ ಬಳಗದ ಮುದ್ದಿನ ಕುವರ. 1955ರಲ್ಲಿ ನಿಸ್ಸಿಮ್ ಎಜೆಕಿಯಲ್ ಸಂಪಾದಕತ್ವದಲ್ಲಿ ಮುಂಬಯಿಯಿಂದ ಹೊರಟ ‘ಕ್ವೆಸ್ಟ್’ ಕೂಡ ಇದೇ ವಂಶವೃಕ್ಷದ ಕೊಂಬೆ.

ಈ ಗುಟ್ಟನ್ನು ಮಾಸ್ಕೋದಿಂದ ಮುಚ್ಚಿಡಲಾಗಿತ್ತು ಎಂದೇ ಎಲ್ಲರೂ ತಿಳಿಯುತ್ತಾರೆ. ಸಿಐಎಯಲ್ಲಿ ಈ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ಬ್ರೇಡನ್ ಮುಂದೆ ತಾವಾಗಿಯೇ ಬರೆದದ್ದನ್ನು ಓದಿದರೆ, ಮುಚ್ಚಿಡಬೇಕಾಗಿದ್ದುದು ಮುಖ್ಯವಾಗಿ ತಮ್ಮದೇ ಸಂಸತ್ತಿನಿಂದ ಎಂಬುದು ಗೊತ್ತಾಗುತ್ತದೆ. ಇಂಥ ಯೋಜನೆಗಳಿಗೆ ಸಂಸತ್ತು ಒಪ್ಪಿಗೆ ಕೊಡುವುದು, ಕಡು ಬಲಪಂಥೀಯ ಜಾನ್ ಬರ್ಚ್ ಸೊಸೈಟಿಯು ವೃದ್ಧರಿಗೆ ಸರ್ಕಾರಿ ವೈದ್ಯಕೀಯ ವಿಮೆ ಕೊಡಲು ಒಪ್ಪುವಷ್ಟೇ ಅಸಂಭವವೆಂದು ಅವರ ಅಂಬೋಣ. ಅಂದರೆ ಅಮೆರಿಕದ ಸಂಸ್ಕೃತಿಯನ್ನು ಅಮೆರಿಕದ ಜನಪ್ರತಿನಿಧಿಗಳಿಂದ ಕಾಪಾಡಲು ಗೂಢಚಾರರು ಬೇಕಾದರು.

ಸ್ವಾತಂತ್ರ್ಯದ ಈ ಪತ್ರಿಕೆಯಲ್ಲಿ ಎಷ್ಟು ಸ್ವಾತಂತ್ರ್ಯವಿತ್ತೆಂದು ಅಳೆದು ನೋಡಿದವರು ಅಮೆರಿಕದ ಲೇಖಕ ಡ್ವೈಟ್ ಮ್ಯಾಕ್‌ಡೊನಾಲ್ಡ್. ಒಂದು ವರ್ಷ ‘ಎನ್‌ಕೌಂಟರ್’ನಲ್ಲೇ ದುಡಿದಿದ್ದ ಅವರು, ಯೂರೋಪಿನಿಂದ ಮರಳಿದ ಮೇಲೆ ತಮ್ಮ ದೇಶದ ಒರಟುತನ ಕಣ್ಣಿಗೆ ರಾಚಿ ಒಂದು ಖಾರವಾದ ಲೇಖನ ಬರೆದು ಕಳುಹಿಸಿದರು. 1958ರಲ್ಲಿ ಅದು ತಿರಸ್ಕೃತವಾಗಿ, ಕೊನೆಗೆ ಬೇರೆ ಪತ್ರಿಕೆಗಳಲ್ಲಿ ಅಚ್ಚಾಯಿತು. ರಷ್ಯವನ್ನು ಬಯ್ಯಲು ಪುಟಗಳ ಮಿತಿಯಿರದಿದ್ದ ಪತ್ರಿಕೆಯಲ್ಲಿ ಅಮೆರಿಕವನ್ನು ಬಯ್ಯಲು ಜಾಗದ ಅಭಾವ ಉಂಟಾದದ್ದು ಸಂಪಾದಕೀಯ ವಿವೇಕದ ಫಲವೆಂದೇ ಇಟ್ಟುಕೊಳ್ಳೋಣ.

ಒಂದು ಇಲಾಖೆ ಲೇಖಕರಿಗೆ ಸಂಭಾವನೆ ಕೊಡುತ್ತಿದ್ದರೆ ಇನ್ನೊಂದು ಇಲಾಖೆ ಅವರ ಬೆನ್ನ ಹಿಂದೆಯೇ ನಡೆಯುತ್ತಿತ್ತು. ಪ್ಯಾರಿಸಿನಲ್ಲಿ 1956ರಲ್ಲಿ ಕೂಡಿದ ಕಪ್ಪು ಲೇಖಕರ ಸಮ್ಮೇಳನದ ಬಗ್ಗೆ ಜೇಮ್ಸ್ ಬಾಲ್ಡ್‌ವಿನ್ ಬರೆದ ಸೊಗಸಾದ ವರದಿ ಮರುವರ್ಷ ಪ್ರಕಟವಾದದ್ದು ‘ಎನ್‌ಕೌಂಟರ್’ನಲ್ಲಿ. ಕೆಲವೇ ವರ್ಷಗಳಲ್ಲಿ ಅಮೆರಿಕದ ತನಿಖಾ ದಳ ಎಫ್‌ಬಿಐ ಅದೇ ಬಾಲ್ಡ್‌ವಿನ್ನರ ಮೇಲೆ ಕಡತ ಪೇರಿಸಲು ತೊಡಗಿತು. ಅದು ಬೆಳೆದು ಬೆಳೆದು 1,884 ಪುಟವಾಯಿತು. ಅವರ ಯಾವ ಕಾದಂಬರಿಯೂ ಅಷ್ಟು ದಪ್ಪವಿಲ್ಲ. 1962ರಲ್ಲಿ ಹೊರಬಂದ ಅವರ ಕಾದಂಬರಿಯ ಮೇಲೆ ಅಶ್ಲೀಲತೆಯ ಗುಮಾನಿ ಬಂದಾಗ ಎಫ್‌ಬಿಐಯ ಸಾಮಾನ್ಯ ಅಪರಾಧಗಳ ವಿಭಾಗವು ಪುಸ್ತಕವನ್ನು ಓದಿ, ಇದರಲ್ಲಿ ಸಾಹಿತ್ಯ ಗುಣವಿದೆ, ಮನಶ್ಶಾಸ್ತ್ರ ಮತ್ತು ಸಾಮಾಜಿಕ ವರ್ತನೆಯ ವಿದ್ಯಾರ್ಥಿಗಳಿಗೆ ಉಪಯುಕ್ತವಾಗಬಹುದು ಎಂದು ಅಭಿಪ್ರಾಯಪಟ್ಟಿತು. ಕೃತಿಯನ್ನು ಓದಿದ ಮೇಲೆ ವಿಮರ್ಶೆ ಬರೆಯುವ ಈ ಸಂಪ್ರದಾಯ ಪೊಲೀಸರಲ್ಲಾದರೂ ಉಳಿದಿತ್ತಲ್ಲ!

ಇವರೆಲ್ಲರಿಗಿಂತ ಚೆನ್ನಾಗಿ ವಿಷಯವನ್ನು ಅರಿತಿದ್ದವರು ಪತ್ತೇದಾರಿ ಕಾದಂಬರಿಕಾರ ಡ್ಯಾಶಿಯಲ್ ಹ್ಯಾಮೆಟ್ ಎಂದು ನನ್ನ ಭಾವನೆ. 1953ರ ಮಾರ್ಚ್‌ನಲ್ಲಿ ಸೆನೆಟರ್ ಮೆಕಾರ್ಥಿ ಅವರನ್ನು ಕಟಕಟೆಗೆ ಕರೆದು, ಕಮ್ಯುನಿಸಂ ವಿರುದ್ಧದ ಹೋರಾಟ ನಿಮ್ಮ ಕೈಯಲ್ಲಿದ್ದಿದ್ದರೆ ವಿದೇಶಗಳ ಸರ್ಕಾರಿ ಗ್ರಂಥಾಲಯಗಳಿಗೆ ಕಮ್ಯುನಿಸ್ಟರ ಪುಸ್ತಕಗಳನ್ನು ಕೊಳ್ಳುತ್ತಿದ್ದಿರಾ ಎಂದು ಪ್ರಶ್ನಿಸಿದರು. ಆ ಹೋರಾಟ ನನ್ನದಾಗಿದ್ದರೆ ಜನರಿಗೆ ಯಾವ ಪುಸ್ತಕವನ್ನೂ ಕೊಡುತ್ತಿರಲಿಲ್ಲ ಎಂದು ಹ್ಯಾಮೆಟ್ ಉತ್ತರಿಸಿದರು.

ಸಿಐಎ ಹಣದ ಗುಟ್ಟು ಪತ್ರಿಕೆಗಳಲ್ಲಿ ರಟ್ಟಾಗತೊಡಗಿದ್ದು 1966ರಲ್ಲಿ, ಪೂರ್ತಿ ಬಯಲಾದದ್ದು 1967ರಲ್ಲಿ. ಆ ಮೇ ತಿಂಗಳಲ್ಲಿ ಬ್ರೇಡನ್ ಪ್ರಕಟಿಸಿದ ಲೇಖನದ ತಲೆಬರಹವೇ, ಸಿಐಎ ಅನೀತಿಯದೆಂಬುದು ನನಗೆ ಸಂತೋಷದ ಸಂಗತಿ ಎಂಬ ಅರ್ಥದ್ದು. ಮೇಜಿನ ಮೇಲಿನ ಮಡಿಕೆ ಬಿದ್ದ ಹಳದಿ ಕಾಗದವೊಂದನ್ನು ಅವರು ಆರಂಭದಲ್ಲೇ ವರ್ಣಿಸುತ್ತಾರೆ. ಕಾರ್ಮಿಕ ಸಂಘಟನೆಗೆಂದು ಕೊಟ್ಟ 15,000 ಡಾಲರಿಗೆ ಪೆನ್ಸಿಲ್‌ನಲ್ಲಿ ಬರೆದ ರಸೀದಿ ಅದು. ಕೊಟ್ಟವರ ಹೆಸರೂ ಸುಳ್ಳು, ಪಡೆದವರ ಹೆಸರೂ ಸುಳ್ಳು, ಮೊತ್ತವೊಂದೇ ನಿಜ. ಬಾಸ್ಟನ್ ಸಿಂಫನಿ ವಾದ್ಯವೃಂದ ಪ್ಯಾರಿಸಿನಲ್ಲಿ ಗಳಿಸಿಕೊಟ್ಟ ಮೆಚ್ಚುಗೆ ಐಸೆನ್‌ಹೋವರರ ನೂರು ಭಾಷಣಗಳಿಂದಲೂ ಸಿಗುತ್ತಿರಲಿಲ್ಲ ಎಂದು ಹೆಮ್ಮೆಪಟ್ಟ ಲೇಖಕರು, ನಮ್ಮ ಏಜೆಂಟನೊಬ್ಬ ‘ಎನ್‌ಕೌಂಟರ್’ನ ಸಂಪಾದಕನಾದ ಎಂಬ ವಾಕ್ಯವನ್ನೂ ಸೇರಿಸಿ, ಹೆಸರನ್ನು ಮಾತ್ರ ನುಂಗಿಕೊಂಡರು. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕುಳಿತಿದ್ದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬರೂ ಅದು ನಾನು ಎನ್ನಲಿಲ್ಲ. ಸ್ಪೆಂಡರ್ ಹದಿನಾಲ್ಕು ವರ್ಷ ಸಂಪಾದಕರಾಗಿದ್ದ ಮೇಲೆ ಆಘಾತಗೊಂಡು ರಾಜೀನಾಮೆ ಕೊಟ್ಟರು, ಜೊತೆಗೆ ವಿಮರ್ಶಕ ಫ್ರಾಂಕ್ ಕರ್ಮೋಡ್ ಕೂಡ. ಮತ್ತೊಬ್ಬ ಸಂಪಾದಕ ಮೆಲ್ವಿನ್ ಲ್ಯಾಸ್ಕಿ ಅಲುಗಾಡಲಿಲ್ಲ. ಪತ್ರಿಕೆ 1990ರವರೆಗೂ ಅವರ ಕೈಯಲ್ಲಿ ನಡೆಯಿತು. ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ ತನ್ನ ಹೆಸರು ಬದಲಿಸಿಕೊಂಡು ಫೋರ್ಡ್ ಪ್ರತಿಷ್ಠಾನದ ಬಾಗಿಲಿಗೆ ಹೋಯಿತು.

ಬ್ರೇಡನ್ನರಿಗೂ ತಡವಾಗಿ ಸಾಹಿತ್ಯ ಸರಸ್ವತಿ ಒಲಿದಳು. ತಮ್ಮ ಎಂಟು ಮಕ್ಕಳನ್ನು ಸಾಕಿದ ಪಾಡನ್ನು ಅವರು 1975ರಲ್ಲಿ ಪುಸ್ತಕವಾಗಿಸಿದರು. ಎರಡೇ ವರ್ಷಗಳಲ್ಲಿ ಅದು ಎಬಿಸಿ ಟೆಲಿವಿಷನ್‌ನಲ್ಲಿ ಧಾರಾವಾಹಿಯಾಗಿ, 1981ರವರೆಗೆ ಅಮೆರಿಕದ ಮನೆಮನೆಗಳಲ್ಲಿ ಓಡಿತು. ಅದರ ಖರ್ಚನ್ನು ಸಾಬೂನು, ಟೂತ್‌ಪೇಸ್ಟ್ ಮಾರುವವರು ತಮ್ಮ ಹೆಸರು ಹೇಳಿಕೊಂಡೇ ಭರಿಸಿದರು.