ಗೇರ್ ಆಯಿಲ್ ಲೈಫ್‌ಟೈಮ್ ಅಂತೆ. ಯಾರ ಲೈಫು?

ನಮ್ಮ ಕಾರಿಗೆ ರಿವರ್ಸ್ ಹಾಕಿದರೆ ಮನಸ್ಸಲ್ಲೇ ಒಂದು, ಎರಡು ಅಂತ ಎಣಿಸಬೇಕಿತ್ತು. ಎರಡೂವರೆಗೆ ಧಡ್ ಅಂತ ಒಂದು ಸದ್ದು, ಆಮೇಲೆ ಕಾರು ಹಿಂದಕ್ಕೆ. ವಯಸ್ಸಾದವರು ಕೂತಲ್ಲಿಂದ ಏಳೋಕೆ ಸ್ವಲ್ಪ ಟೈಮ್ ತಗೊಳ್ತಾರಲ್ಲ, ಹಾಗೇ ಇದೂ ಅಂದುಕೊಂಡು ಎರಡು ವರ್ಷ ಸುಮ್ಮನಿದ್ದೆ.

2006ರ ಕೊರೊಲಾ, ಆಟೋಮ್ಯಾಟಿಕ್. ಚಿಕ್ಕಪ್ಪ ಬೆಂಗಳೂರಲ್ಲಿ 12 ವರ್ಷ ಓಡಿಸಿ ನನಗೆ ಕೊಟ್ಟಿದ್ದು. 15 ವರ್ಷ ತುಂಬಿದಾಗ ಆರ್‌ಟಿಓಗೆ ಅಲೆದು, ಗ್ರೀನ್ ಟ್ಯಾಕ್ಸ್ ಕಟ್ಟಿ ಆರ್‌ಸಿ ರಿನ್ಯೂ ಮಾಡಿಸಿದ್ದೇನೆ, ಅಷ್ಟು ಪ್ರೀತಿ. ಚಿಕ್ಕಪ್ಪ ಎಲ್ಲಾ ಬಿಲ್ಲುಗಳನ್ನೂ ಒಂದು ಫೈಲಲ್ಲಿ ಇಟ್ಟಿದ್ದರು. ಕೂತು ಪೂರ್ತಿ ನೋಡಿದೆ. ಎಂಜಿನ್ ಆಯಿಲ್ ತಪ್ಪದೆ ಬದಲಾಗಿದೆ, ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಕೊನೆಗೆ ಸೀಟ್ ಕವರ್ ಕೂಡ. ಗೇರ್‌ಬಾಕ್ಸ್ ಆಯಿಲ್ ಮಾತ್ರ 1,40,000 ಕಿಲೋಮೀಟರಿಗೆ ಒಂದು ಸಲವೂ ಇಲ್ಲ! ಫೋನ್ ಮಾಡಿ ಕೇಳಿದರೆ, "ಅದನ್ನ ಮುಟ್ಟಬಾರದು ಕಣೋ, ಲೈಫ್‌ಟೈಮ್ ಆಯಿಲ್ ಅದು, ಗ್ಯಾರೇಜಿನವರೇ ಹೇಳಿದ್ರು" ಅಂದರು.

ಯಾರ ಲೈಫ್‌ಟೈಮ್ ಅಂತ ನನ್ನ ಪ್ರಶ್ನೆ. ಕಾರಿನದ್ದಾ, ವಾರಂಟಿಯದ್ದಾ? ಆಟೋಮ್ಯಾಟಿಕ್ ಗೇರ್‌ಬಾಕ್ಸಲ್ಲಿ ಆಯಿಲ್ ಬರೀ ಜಾರೋಕೆ ಅಲ್ಲ. ಒಳಗಿರುವ ಕ್ಲಚ್‌ಗಳನ್ನು ಒತ್ತಿ ಹಿಡಿಯುವುದೇ ಆಯಿಲ್ಲಿನ ಪ್ರೆಶರ್. ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂತಿರೋ ಭಾಗ) ಮೂಲಕ ಆಚೆ ದಾಟಿಸುವುದೂ ಅದೇ. ಬಿಸಿಯನ್ನು ರೇಡಿಯೇಟರ್ ಹತ್ತಿರ ಹೊತ್ತುಕೊಂಡು ಹೋಗಿ ಇಳಿಸಿ ಬರೋದೂ ಅದೇ. ಇಷ್ಟೆಲ್ಲಾ ಕೆಲಸ ಮಾಡಿಸಿಕೊಂಡು, ಅದೂ ಬೆಂಗಳೂರು ಟ್ರಾಫಿಕ್ಕಿನ ಬಿಸಿಯಲ್ಲಿ, 12 ವರ್ಷ ಒಂದೇ ಎಣ್ಣೆ. ಬೋಂಡ ಕರಿಯೋ ಬಾಣಲೆಯ ಎಣ್ಣೆಯನ್ನು ಒಂದು ವಾರ ಬದಲಾಯಿಸದಿದ್ದರೆ ಆ ಕಡೆ ತಲೆ ಹಾಕಲ್ಲ ನಾವು!

ಕಣ್ಣು ತೆರೆಸಿದ್ದು ದೇವರಾಯನದುರ್ಗ. ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ಬೆಟ್ಟದ ತಿರುವಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಯೋಚನೆ ಮಾಡುತ್ತಾ ನಿಲ್ಲುತ್ತದೆ. ಹಿಂದೆ ಒಂದು ಬಸ್ಸು ಬೇರೆ. ಮೇಲೆ ಹೋಗಿ ಬಾನೆಟ್ ಎತ್ತಿ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್, ಅಂದರೆ ಆಯಿಲ್ ಲೆವೆಲ್ ನೋಡೋ ಕಡ್ಡಿ, ಎಳೆದು ನೋಡಿದೆ. ಹೊಸತಾಗಿದ್ದಾಗ ಚೆರ್ರಿ ಹಣ್ಣಿನ ಥರ ಕೆಂಪಗಿರಬೇಕಾದ ಆಯಿಲ್, ಕಾಫಿ ಡಿಕಾಕ್ಷನ್ ಆಗಿತ್ತು. ವಾಸನೆಗೆ ಸೀದ ಒಗ್ಗರಣೆ ನೆನಪಾಯಿತು.

ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಲ್ಲಿ ತೋರಿಸಿದೆ. ಡಿಪ್‌ಸ್ಟಿಕ್ಕನ್ನೂ ಎಳೆಯದೆ, ಗೇರ್‌ಬಾಕ್ಸೇ ಬದಲಾಯಿಸಬೇಕು, ಲಕ್ಷದ ಮೇಲಾಗುತ್ತದೆ, ಇಷ್ಟು ಹಳೇ ಕಾರಿಗೆ ಯಾಕೆ ಸಾರ್, ಮಾರಿಬಿಡಿ ಅಂದರು. ತುಮಕೂರಲ್ಲಿ ಬಿ.ಎಚ್. ರಸ್ತೆ ಉದ್ದಕ್ಕೂ ಕೇಳಿದರೆ ಇನ್ನೊಂದು ಥರ: ಆಟೋಮ್ಯಾಟಿಕ್ ಅಂದ ತಕ್ಷಣ ಕೈ ಒರೆಸಿಕೊಂಡು ದೂರ. ಒಬ್ಬರು ಧೈರ್ಯವಾಗಿ ಮುಂದೆ ಬಂದು "90 ನಂಬರ್ ಆಯಿಲ್ ಹಾಕಿಬಿಡ್ತೀನಿ ಬಿಡಿ" ಅಂದರು. ಅದು ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಹಾಕುವ ಗಟ್ಟಿ ಎಣ್ಣೆ. ಹಾಕಿದ್ದರೆ ಕಾರು ನೇರ ಗುಜರಿಗೇ.

ಕೊನೆಗೆ ಸಿಕ್ಕಿದ್ದು ಬಟವಾಡಿ ಕಡೆಯ ಒಬ್ಬ ಮೆಕ್ಯಾನಿಕ್ ಅಣ್ಣ. "ಸಾರ್, ನಾನೂ ಇದನ್ನ ಜಾಸ್ತಿ ಮಾಡಿಲ್ಲ. ನೀವು ಪಕ್ಕದಲ್ಲಿ ನಿಲ್ಲೋದಾದ್ರೆ ನಿಧಾನಕ್ಕೆ ಮಾಡೋಣ" ಅಂದರು. ಗೊತ್ತಿಲ್ಲ ಅನ್ನುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಈ ಗೇರ್‌ಬಾಕ್ಸಿಗೆ ಬೇಕಾದ್ದು ಟೈಪ್ ಟಿ-4 ಅನ್ನೋ ಆಯಿಲ್, ಕೆಂಪಗಿದ್ದರೆ ಸಾಕು ಅಂತ ಪವರ್ ಸ್ಟೀರಿಂಗ್ ಆಯಿಲ್ ಸುರಿಯೋ ಹಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಆಯಿಲ್, ಫಿಲ್ಟರ್, ಪ್ಯಾಕಿಂಗ್ (ಲೀಕ್ ಆಗದ ಹಾಗೆ ನಡುವೆ ಕೂರಿಸೋ ಗ್ಯಾಸ್ಕೆಟ್) ತಂದೆ.

ಡ್ರೈನ್ ಬೋಲ್ಟ್ ಬಿಚ್ಚಿದಾಗ ಬಿದ್ದ ಆಯಿಲ್ ನೋಡಿ ಅಣ್ಣ ಏನೂ ಮಾತಾಡಲಿಲ್ಲ, ಒಂದು ಸಲ ನನ್ನ ಮುಖ ನೋಡಿದರು ಅಷ್ಟೇ. ಆಮೇಲೆ ಚೇಂಬರ್, ಅಂದರೆ ಗೇರ್‌ಬಾಕ್ಸಿನ ಅಡಿಯಲ್ಲಿ ಆಯಿಲ್ ನಿಲ್ಲೋ ತಗಡಿನ ತಟ್ಟೆ, ಇಳಿಸಿದರು. ತಳದಲ್ಲಿ ಚಿಕ್ಕ ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ, ಕಬ್ಬಿಣದ ಪುಡಿ ಹಿಡಿಯೋಕೆ. ಒಂದೊಂದರ ಮೇಲೂ ಕಾಡಿಗೆ ಥರ ದಪ್ಪಗೆ ಮೆತ್ತಿಕೊಂಡಿತ್ತು. ಬೆರಳಲ್ಲಿ ತೆಗೆದು ಉಜ್ಜಿ ನೋಡಿದೆವು. ನುಣ್ಣಗಿತ್ತು. ಇದೇ ನೋಡಬೇಕಾದ್ದು. ಕಾಡಿಗೆಯ ಹಾಗಿದ್ದರೆ ಸವಕಳಿ, ಇಷ್ಟು ಓಡಿದ ಮೇಲೆ ಇರೋದೇ. ಮಿಂಚುವ ಚೂರು, ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕಿದರೆ ಒಳಗೆ ಏನೋ ಮುರಿಯುತ್ತಿದೆ ಅಂತ. ನಮಗೆ ಚಕ್ಕೆ ಸಿಗಲಿಲ್ಲ. ಅಣ್ಣ ಆಗ ಬಾಯಿಬಿಟ್ಟರು: "ಬದುಕುತ್ತೆ ಸಾರ್ ಇದು." ಫಿಲ್ಟರ್ ಮೂರು ಬೋಲ್ಟಲ್ಲಿ ನಿಂತಿರುತ್ತದೆ. ಹಳೇದರ ಜಾಲರಿಯಲ್ಲಿ ಗಸಿ ಕೂತಿತ್ತು. ಪಂಪು ಆಯಿಲ್ ಎಳೆಯೋದೇ ಇದರ ಮೂಲಕ, ಮೂಗು ಕಟ್ಟಿಕೊಂಡು ಉಸಿರಾಡಿದ ಹಾಗೆ. ನನ್ನ ಒಂದು, ಎರಡು ಎಣಿಕೆಗೆ ಇದರದ್ದೂ ಪಾಲಿತ್ತು ಅಂತ ನನ್ನ ಲೆಕ್ಕ.

ಹೊರಗೆ ಬಿದ್ದ ಆಯಿಲ್ಲನ್ನು ನೀರಿನ ಬಾಟಲಿಗಳಲ್ಲಿ ಅಳೆದೆವು, ಸುಮಾರು ಮೂರು ಲೀಟರ್. ಗೇರ್‌ಬಾಕ್ಸಿಗೆ ಒಟ್ಟು ಹಿಡಿಯುವುದು ಹತ್ತಿರ ಹತ್ತಿರ ಏಳು. ಉಳಿದಿದ್ದು ಟಾರ್ಕ್ ಕನ್ವರ್ಟರ್, ಪೈಪುಗಳ ಒಳಗೇ ಉಳಿಯುತ್ತದೆ, ಬೋಲ್ಟ್ ಬಿಚ್ಚಿದರೆ ಬರಲ್ಲ. ಅದಕ್ಕೇ ಒಂದೇ ಸಲಕ್ಕೆ ಆಗಲ್ಲ ಈ ಕೆಲಸ. ಬಿದ್ದಷ್ಟೇ ಹೊಸದು ಹಾಕೋದು, ಸ್ವಲ್ಪ ದಿನ ಓಡಿಸೋದು, ಮತ್ತೆ ಇಳಿಸಿ ಮತ್ತೆ ಹಾಕೋದು. ಮೂರು ಸಲಕ್ಕೆ ನೂರಕ್ಕೆ 80ರಷ್ಟು ಹೊಸ ಆಯಿಲ್ ಆಗುತ್ತದೆ. ಮಷೀನ್ ಹಾಕಿ ಒಂದೇ ಏಟಿಗೆ ಫ್ಲಶ್ ಮಾಡ್ತೀವಿ ಅನ್ನುವವರಿದ್ದಾರೆ. ಇಷ್ಟು ವರ್ಷ ಮುಟ್ಟದ ಗೇರ್‌ಬಾಕ್ಸಿಗೆ ನಾನಂತೂ ಮಾಡಿಸಲ್ಲ. ಮೂಲೆಯಲ್ಲಿ ಕೂತಿರೋ ಕೊಳೆಯನ್ನು ಎಬ್ಬಿಸಿ, ಆಯಿಲ್ಲನ್ನು ಬೇಕಾದ ಕ್ಲಚ್ಚಿಗೆ ತಿರುಗಿಸೋ ಸಣ್ಣ ದಾರಿಗಳಿರೋ ವಾಲ್ವ್ ಬಾಡಿಗೆ ಕಳಿಸಿ ಏನು ಮಾಡೋದು?

"ಹಳೇ ಗಾಡಿಗೆ ಆಯಿಲ್ ಬದಲಾಯಿಸಿದ್ರೆ ಗೇರ್‌ಬಾಕ್ಸ್ ಹೋಗುತ್ತೆ" ಅಂತ ಹೆದರಿಸಿದವರು ಕಡಿಮೆ ಇಲ್ಲ. ಅರ್ಧ ನಿಜ ಅದು. ಕ್ಲಚ್ ಪೂರ್ತಿ ಸವೆದು ಸ್ಲಿಪ್ ಆಗೋಕೆ ಶುರುವಾದ ಮೇಲೆ ಓಡಿ ಬಂದು ಆಯಿಲ್ ಹಾಕಿಸಿದರೆ ಅದು ಉಳಿಯಲ್ಲ, ಬೈಗುಳ ಮಾತ್ರ ಹೊಸ ಆಯಿಲ್ಲಿಗೆ. ನಮ್ಮ ಬಿಸಿಲಿಗೆ, ನಮ್ಮ ಟ್ರಾಫಿಕ್ಕಿಗೆ 60,000 ಕಿಲೋಮೀಟರಿಗೆ ಒಂದು ಸಲ ಮಾಡಿಸಿಬಿಡಿ ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಕಾಮೆಂಟಲ್ಲಿ ಜಗಳ ಆಡಬಹುದು.

ಎಡವಟ್ಟೂ ಆಯಿತು, ಹೇಳಿಬಿಡ್ತೀನಿ. ಚೇಂಬರ್ ವಾಪಸ್ ಕೂರಿಸುವಾಗ ಲೀಕ್ ಆಗಬಾರದು ಅಂತ ಪ್ಯಾಕಿಂಗ್ ಮೇಲೆ ಅನಾಬಾಂಡ್ ಅನ್ನೋ ಅಂಟು ಬೇರೆ ಬಳಿದು, ಬೋಲ್ಟುಗಳನ್ನು ಬಲವಾಗಿ ಬಿಗಿದೆವು. ಬಿಗಿಯಬೇಕು ಅಂತ ಒತ್ತಾಯ ಮಾಡಿದ್ದು ನಾನೇ. ಮಾರನೇ ಬೆಳಗ್ಗೆ ಅಮ್ಮ ಬಾಗಿಲ ಮುಂದೆ ರಂಗೋಲಿ ಹಾಕೋಕೆ ಹೋದರೆ ನೆಲದ ಮೇಲೆ ಕೆಂಪು ಕೆಂಪು ಹನಿ. "ಚುಕ್ಕಿ ನಿನ್ನ ಕಾರೇ ಇಟ್ಟಿದೆ, ಗೆರೆ ಎಳೆಯೋಕೆ ನೀನೇ ಬಾ" ಅಂತ ಕೂಗಿದರು. ಅವು 10 ನಂಬರ್ ಸ್ಪ್ಯಾನರಿನ ಸಣ್ಣ ಬೋಲ್ಟುಗಳು, ಜಾಸ್ತಿ ಬಿಗಿದರೆ ತಗಡಿನ ಅಂಚೇ ಬಗ್ಗಿ ಪ್ಯಾಕಿಂಗ್ ಸರಿಯಾಗಿ ಕೂರಲ್ಲ. ಮತ್ತೆ ಇಳಿಸಿ, ಮರದ ತುಂಡಿನ ಮೇಲಿಟ್ಟು ಅಂಚನ್ನು ತಟ್ಟಿ ಸರಿ ಮಾಡಿ, ಅನಾಬಾಂಡ್ ಕೆರೆದು ತೆಗೆದು, ಹೊಸ ಪ್ಯಾಕಿಂಗ್ ಹಾಕಿ, ಎದುರು ಬದುರು ಬೋಲ್ಟುಗಳನ್ನು ಹದವಾಗಿ ಬಿಗಿದ ಮೇಲೆ ನಿಂತಿತು.

ಲೆವೆಲ್ ನೋಡೋದರಲ್ಲೂ ಜನ ತಪ್ಪು ಮಾಡ್ತಾರೆ. ಈ ಕಾರಲ್ಲಿ ಎಂಜಿನ್ ಆಫ್ ಮಾಡಿ ನೋಡೋ ಹಾಗಿಲ್ಲ. ಚೆನ್ನಾಗಿ ಓಡಿಸಿ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ ಎಂಜಿನ್ ಓಡುತ್ತಿರುವಾಗಲೇ, ಬ್ರೇಕ್ ಒತ್ತಿಕೊಂಡು ಗೇರ್ ಲಿವರನ್ನು ಎಲ್ಲಾ ಕಡೆ ಒಂದು ಸುತ್ತು ಹಾಕಿಸಿ ಪಾರ್ಕಿಗೆ ತಂದು ಆಮೇಲೆ ಡಿಪ್‌ಸ್ಟಿಕ್ ನೋಡಬೇಕು.

ಹಳೇ ಆಯಿಲ್ ಚರಂಡಿಗೆ ಸುರಿಯಬೇಡಿ ಪ್ಲೀಸ್. ಕ್ಯಾನಲ್ಲಿ ತುಂಬಿಟ್ಟರೆ ವೇಸ್ಟ್ ಆಯಿಲ್ ತಗೊಳ್ಳೋರು ಗ್ಯಾರೇಜಿಗೇ ಬರುತ್ತಾರೆ. ಅಮಾನಿಕೆರೆಗೆ ಈಗ ಸೇರ್ತಿರೋದೇ ಸಾಕು.

ಆಯಿಲ್, ಫಿಲ್ಟರ್, ಎರಡು ಪ್ಯಾಕಿಂಗ್, ಕೂಲಿ ಎಲ್ಲಾ ಸೇರಿ ಮೂರು ಸಲಕ್ಕೂ 11,000 ಚಿಲ್ಲರೆ ಆಯಿತು. ಈಗ ರಿವರ್ಸ್ ಹಾಕಿದರೆ "ಒಂ" ಅನ್ನುವಷ್ಟರಲ್ಲಿ ಹಿಡಿಯುತ್ತದೆ. ಎರಡನೇ ಗೇರಿಂದ ಮೂರಕ್ಕೆ ಹೋಗುವಾಗ ತಣ್ಣಗಿದ್ದರೆ ಇನ್ನೂ ಒಂದು ಸಣ್ಣ ಝಟ್ಕಾ ಇದೆ, ಅದು ಹೋಗಿಲ್ಲ. ಚಿಕ್ಕಪ್ಪ ಹೋದ ಭಾನುವಾರ ಬಂದಿದ್ದರು, ಕ್ಯಾತ್ಸಂದ್ರದವರೆಗೆ ಅವರೇ ಓಡಿಸಿದರು, ತಟ್ಟೆ ಇಡ್ಲಿ ತಿಂದು ವಾಪಸ್ ಬರುವಾಗ ಮೆಲ್ಲಗೆ ಕೇಳಿದರು, "ಇದನ್ನ ನನಗೇ ವಾಪಸ್ ಕೊಡ್ತೀಯಾ?"